ಬಾಲ್ಕನಿ ಇಲ್ಲದೆ ಬಾಲ್ಕನಿ ದೃಶ್ಯವನ್ನು ಆಡಿಸಬಹುದೇ?

ಪ್ರಶ್ನೆ: ನಾನು ಮಲೆನಾಡಿನ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಈ ಸಲದ ವಾರ್ಷಿಕೋತ್ಸವಕ್ಕೆ ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕದ ಕೆಲವು ದೃಶ್ಯಗಳನ್ನು ಕನ್ನಡದಲ್ಲಿ ಆಡಿಸುವ ಹೊಣೆ ನನ್ನ ಮೇಲೆ ಬಿದ್ದಿದೆ. ಎಲ್ಲರೂ ಕೇಳುವುದು ಬಾಲ್ಕನಿ ದೃಶ್ಯವನ್ನೇ. ನಮ್ಮ ಸಭಾಂಗಣದ ವೇದಿಕೆ ಚಿಕ್ಕದು, ಮಹಡಿ ಕಟ್ಟಿಸುವಷ್ಟು ಹಣವೂ ಇಲ್ಲ. ಶಾಮಿಯಾನದವರು ಕಬ್ಬಿಣದ ಪೈಪುಗಳಲ್ಲಿ ಅಟ್ಟಣಿಗೆ ಕಟ್ಟಿಕೊಡುತ್ತೇವೆ ಎನ್ನುತ್ತಾರೆ, ಆದರೆ ಅದರ ಮೇಲೆ ಹುಡುಗಿಯನ್ನು ನಿಲ್ಲಿಸಲು ನನಗೆ ಧೈರ್ಯವಿಲ್ಲ. ರಾತ್ರಿಯೆಂದು ದೀಪ ಆರಿಸಿದರೆ ಮುಖ ಕಾಣುವುದಿಲ್ಲ, ಹಚ್ಚಿದರೆ ರಾತ್ರಿ ಅನ್ನಿಸುವುದಿಲ್ಲ. ತಾಲೀಮಿನಲ್ಲಿ ಇಬ್ಬರೂ ಮಾತು ಶುರು ಮಾಡುತ್ತಿದ್ದಂತೆ ಉಳಿದ ಮಕ್ಕಳು ನಗುತ್ತಾರೆ, ಇವರೂ ನಾಚಿ ನಿಲ್ಲಿಸಿಬಿಡುತ್ತಾರೆ. ಇದರ ಮೇಲೆ, ಜೂಲಿಯೆಟ್‌ಗೆ ಹದಿಮೂರೇ ವರ್ಷವಂತೆ ಎಂದು ಯಾರೋ ಹೇಳಿದ್ದರಿಂದ ಹುಡುಗಿಯ ಮನೆಯವರೂ ಪ್ರಾಂಶುಪಾಲರೂ ‘ರಾತ್ರಿ ಕದ್ದು ಭೇಟಿಯಾಗುವುದನ್ನು ಕಲಿಸುವ ನಾಟಕ ನಮಗೇಕೆ’ ಎಂದು ಕೇಳುತ್ತಿದ್ದಾರೆ. ದೃಶ್ಯವನ್ನು ಕೈಬಿಡಲೇ, ಕತ್ತರಿಸಿ ಆಡಿಸಲೇ? ಆಡಿಸುವುದಾದರೆ ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಚಿಂತೆಗಳಿವೆ. ಎತ್ತರವನ್ನು ಹೇಗೆ ತರುವುದು, ರಾತ್ರಿಯನ್ನು ಹೇಗೆ ತೋರಿಸುವುದು, ನಗೆಯನ್ನು ಏನು ಮಾಡುವುದು, ಮನೆಯವರಿಗೆ ಮತ್ತು ಪ್ರಾಂಶುಪಾಲರಿಗೆ ಏನು ಹೇಳುವುದು. ಕಾಲೇಜು ತಂಡಗಳಿಗೆ ನಾಟಕ ಕಲಿಸುತ್ತ ಬಂದಿರುವ ನನಗೆ ಈ ದೃಶ್ಯದ ಬಗ್ಗೆ ಎದುರಾಗುವ ಪ್ರಶ್ನೆಗಳು ಹೆಚ್ಚೂಕಡಿಮೆ ಇವೇ, ಮತ್ತು ಅವುಗಳಲ್ಲಿ ಬಹುಪಾಲಿನ ಮೂಲವೂ ಒಂದೇ: ನಮ್ಮಲ್ಲಿ ಹೆಚ್ಚಿನವರು ಈ ದೃಶ್ಯವನ್ನು ಓದುವ ಮೊದಲೇ ನೋಡಿರುತ್ತೇವೆ. ಚಿತ್ರಪಟಗಳಲ್ಲಿ, ಸಿನಿಮಾಗಳಲ್ಲಿ, ಪ್ರವಾಸದ ಜಾಹೀರಾತುಗಳಲ್ಲಿ ಕಂಡ ಕಲ್ಲಿನ ಕಟಾಂಜನ, ಅದಕ್ಕೆ ಹಬ್ಬಿದ ಬಳ್ಳಿ, ಬಳ್ಳಿ ಹಿಡಿದು ಮೇಲೇರುವ ಹುಡುಗ, ಕೆಳಗೆ ಬಾಗಿದ ಹುಡುಗಿ, ಸುತ್ತಲೂ ನೀಲಿ ಬೆಳಕು. ಈ ಚಿತ್ರವನ್ನೇ ನಾಟಕವೆಂದು ನಂಬಿ, ಅದನ್ನು ಕಟ್ಟಲು ಹಣವಿಲ್ಲವೆಂದು ಕೊರಗುತ್ತೇವೆ. ಶೇಕ್ಸ್‌ಪಿಯರ್ ಬರೆದದ್ದರಲ್ಲಿ ಇದರ ಪಾಲೆಷ್ಟು ಎಂಬುದನ್ನು ಮೊದಲು ನೋಡೋಣ.

ಬಾಲ್ಕನಿ ಅದರಲ್ಲಿ ಇಲ್ಲವೇ ಇಲ್ಲ. ಎರಡನೆಯ ಅಂಕದ ಎರಡನೆಯ ದೃಶ್ಯವಾದ ಇದರಲ್ಲಷ್ಟೇ ಏಕೆ, ಇಡೀ ನಾಟಕದಲ್ಲಿ ಆ ಮಾತು ಒಮ್ಮೆಯೂ ಬರುವುದಿಲ್ಲ. ರೋಮಿಯೋ ನೋಡುವುದು ಒಂದು ಕಿಟಕಿಯನ್ನು, ಅದರಲ್ಲಿ ಮೂಡಿದ ಬೆಳಕನ್ನು. ಹುಡುಗಿ ತನ್ನ ತಲೆಗಿಂತ ಮೇಲಿದ್ದಾಳೆ ಎಂಬುದು ಅವನ ಮಾತಿನಿಂದಲೇ ತಿಳಿಯುತ್ತದೆ. ನಾಟಕ ರಚನೆಯಾದದ್ದು 1595ರ ಆಸುಪಾಸಿನಲ್ಲಿ, ಮೊದಲು ಅಚ್ಚಾದದ್ದು 1597ರಲ್ಲಿ, ಅದಕ್ಕಿಂತ ಪೂರ್ಣವಾದ ಪಾಠ ಹೊರಬಂದದ್ದು 1599ರಲ್ಲಿ. ಆ ಹೊತ್ತಿಗೆ ಇಂಗ್ಲೆಂಡಿನ ಸಾಮಾನ್ಯ ಜನರಿಗೆ ಬಾಲ್ಕನಿ ಪರಿಚಿತ ವಸ್ತುವಾಗಿರಲಿಲ್ಲ. ಥಾಮಸ್ ಕೊರಿಯಟ್ ಎಂಬ ಪ್ರವಾಸಿ 1611ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಕಥನದಲ್ಲಿ, ಇಟಲಿಯ ಮನೆಗಳ ಗೋಡೆಯಿಂದ ಹೊರಚಾಚಿದ ಪುಟ್ಟ ಜಗಲಿಗಳನ್ನು ಓದುಗರು ಕಂಡಿರಲಾರರು ಎಂಬಂತೆ ಬಿಡಿಸಿ ವರ್ಣಿಸುತ್ತಾನೆ. ಈ ಕಥೆಗೆ ಬಾಲ್ಕನಿಯನ್ನು ಅಂಟಿಸಿದ್ದು 1679ರ ಸುಮಾರಿಗೆ ಥಾಮಸ್ ಆಟ್‌ವೇ ಎಂಬ ನಾಟಕಕಾರ ಮಾಡಿದ ರೂಪಾಂತರ. ಆತ ಕಥೆಯನ್ನು ಪ್ರಾಚೀನ ರೋಮಿಗೆ ಒಯ್ದು, ಜೂಲಿಯೆಟ್‌ಳನ್ನು ಲವೀನಿಯಾ ಎಂದು ಕರೆದು, ಬಾಲ್ಕನಿಯ ಮೇಲೆ ನಿಲ್ಲಿಸಿದ. ಹಲವು ದಶಕಗಳ ಕಾಲ ಲಂಡನ್ನಿನ ಪ್ರೇಕ್ಷಕರು ಮೂಲದ ಬದಲು ಈ ರೂಪಾಂತರವನ್ನೇ ನೋಡಿದರು. ಮೂಲ ಕಥೆ ಮತ್ತೆ ರಂಗಕ್ಕೆ ಬಂದಾಗ ಬಾಲ್ಕನಿ ಅದರ ಜೊತೆಯಲ್ಲೇ ಉಳಿದುಕೊಂಡಿತು. ಇಟಲಿಯ ವೆರೋನಾದಲ್ಲಿ ಪ್ರವಾಸಿಗರು ಸಾಲುಗಟ್ಟಿ ನಿಂತು ಫೋಟೊ ತೆಗೆಸಿಕೊಳ್ಳುವ ‘ಜೂಲಿಯೆಟ್‌ಳ ಬಾಲ್ಕನಿ’ಯ ವಿಷಯವನ್ನೂ ಹೇಳಿಬಿಡುತ್ತೇನೆ: ಮನೆ ಹಳೆಯದು, ಬಾಲ್ಕನಿಯನ್ನು ಅದಕ್ಕೆ ಜೋಡಿಸಿದ್ದು 1930ರ ದಶಕದ ಜೀರ್ಣೋದ್ಧಾರದಲ್ಲಿ. ನಿಮ್ಮ ಬಳಿ ಬಾಲ್ಕನಿ ಇಲ್ಲವೆಂದು ಯಾರಾದರೂ ಮೂಗು ಮುರಿದರೆ, ಶೇಕ್ಸ್‌ಪಿಯರ್ ಬಳಿಯೂ ಇರಲಿಲ್ಲ ಎಂದು ನಿಶ್ಚಿಂತೆಯಿಂದ ಹೇಳಬಹುದು. ಅವನ ರಂಗದ ಹಿಂಗೋಡೆಯ ಮೇಲುಭಾಗದಲ್ಲಿ ಒಂದು ಗ್ಯಾಲರಿ ಇರುತ್ತಿತ್ತು. ಕೋಟೆಯ ಗೋಡೆ, ಕಿಟಕಿ, ಮಾಳಿಗೆ ಎಲ್ಲಕ್ಕೂ ಅದೇ ಒದಗುತ್ತಿತ್ತು.

ಎರಡನೆಯ ತಪ್ಪು ತಿಳಿವಳಿಕೆ ಇದಕ್ಕಿಂತ ದೊಡ್ಡದು, ನಿಮ್ಮ ಪ್ರಾಂಶುಪಾಲರ ಆಕ್ಷೇಪವೂ ಅದರ ಮೇಲೆಯೇ ನಿಂತಿದೆ. ಇದು ಗೊತ್ತುಮಾಡಿಕೊಂಡು ನಡೆದ ಭೇಟಿ ಎಂದು ಬಹಳ ಜನ ತಿಳಿದಿದ್ದಾರೆ. ಜೂಲಿಯೆಟ್ ಯಾರನ್ನೂ ಕರೆದಿಲ್ಲ, ಯಾರಿಗೂ ಕಾದಿಲ್ಲ. ಅವಳ ಮನೆಯಲ್ಲಿ ಇಬ್ಬರೂ ಮೊದಲ ಸಲ ಕಂಡ ಔತಣ ಮುಗಿದಿದೆ, ಮನೆಯವರು ಮಲಗಲು ಹೋಗಿದ್ದಾರೆ, ಅವಳು ಕಿಟಕಿಗೆ ಬಂದು ತನ್ನಷ್ಟಕ್ಕೆ ತಾನು ಮಾತಾಡಿಕೊಳ್ಳುತ್ತಿದ್ದಾಳೆ. ಗೋಡೆ ಹಾರಿ ಬಂದವನು ರೋಮಿಯೋ, ಅದೂ ಇವಳು ಕಾಣಿಸುತ್ತಾಳೆಂಬ ಭರವಸೆಯಿಲ್ಲದೆ. ಭರತನಾಟ್ಯ ಕಲಿತ ಹುಡುಗಿಯರು ಈ ಪಾತ್ರಕ್ಕೆ ಬಂದಾಗ ಅವರ ಮೈಯಲ್ಲಿ ವಾಸಕಸಜ್ಜಿಕೆ ತಾನಾಗಿ ಬಂದು ಕೂರುತ್ತಾಳೆ. ಅಲಂಕರಿಸಿಕೊಂಡು ನಲ್ಲನ ದಾರಿ ಕಾಯುವ ಆ ನಿಲುವನ್ನು ಮೊದಲ ದಿನವೇ ಬಿಡಿಸಬೇಕಾಗುತ್ತದೆ. ಇನ್ನು ಬಳ್ಳಿ ಹತ್ತುವುದು, ಅಪ್ಪಿಕೊಳ್ಳುವುದು. ಈ ದೃಶ್ಯದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಬೇಕಾದ ಒಂದು ಸಾಲೂ ಇಲ್ಲ. ಹಗ್ಗದ ಏಣಿ ಈ ಕಥೆಯಲ್ಲಿದೆಯಲ್ಲ ಎಂದು ಕೇಳುವವರುಂಟು. ಅದು ಬಳಕೆಯಾಗುವುದು ಮದುವೆಯಾದ ಮೇಲಿನ ರಾತ್ರಿಗೆ, ಮೂರನೆಯ ಅಂಕದಲ್ಲಿ. ಬೆಳಗಿನ ಜಾವ ಹಾಡಿದ್ದು ಯಾವ ಹಕ್ಕಿ ಎಂದು ಇಬ್ಬರೂ ವಾದಿಸುವ ಬೀಳ್ಕೊಡುಗೆಯ ದೃಶ್ಯವೂ ಅಲ್ಲಿಯದೇ. ಜನರ ನೆನಪಿನಲ್ಲಿ ಎರಡೂ ರಾತ್ರಿಗಳು ಬೆರೆತುಹೋಗಿವೆ.

ಹಾಗಾದರೆ ಈ ದೃಶ್ಯದಲ್ಲಿ ನಿಜವಾಗಿ ನಡೆಯುವುದೇನು? ಒಬ್ಬಳು ಯಾರೂ ಇಲ್ಲವೆಂದು ನಂಬಿ ಮನಸ್ಸನ್ನು ಬಿಚ್ಚಿಡುತ್ತಾಳೆ, ಇನ್ನೊಬ್ಬನು ಕತ್ತಲಲ್ಲಿ ನಿಂತು ಅದನ್ನು ಕೇಳಿಸಿಕೊಳ್ಳುತ್ತಾನೆ. ದೃಶ್ಯದ ಜೀವ ಕಿವಿಯಲ್ಲಿದೆ, ಕಣ್ಣಿನಲ್ಲಿಲ್ಲ. ಇದಕ್ಕೆ ನಾಟಕಕಾರ ಸ್ವಲ್ಪ ಹಿಂದೆಯೇ ಅಡಿಪಾಯ ಹಾಕಿದ್ದಾನೆ. ಔತಣದ ಮನೆಯಲ್ಲಿ ಮುಖವಾಡ ಹಾಕಿಕೊಂಡು ನಿಂತಿದ್ದ ರೋಮಿಯೋನನ್ನು ಜೂಲಿಯೆಟ್‌ಳ ಸೋದರಸಂಬಂಧಿ ಟಿಬಾಲ್ಟ್ ಪತ್ತೆಹಚ್ಚುವುದು ಧ್ವನಿಯಿಂದ. ಮಾತು ಕಿವಿಗೆ ಬಿದ್ದ ಕೂಡಲೇ ಇವನು ತಮ್ಮ ಹಗೆಯ ಮಾಂಟೆಗ್ಯೂ ಮನೆತನದವನೆಂದು ಗುರುತಿಸಿ, ಕತ್ತಿ ತರಲು ಹುಡುಗನಿಗೆ ಹೇಳುತ್ತಾನೆ. ಮನೆಯ ಯಜಮಾನ ಕ್ಯಾಪುಲೆಟ್ ಗದರಿಸಿದ್ದರಿಂದ ಮಾತ್ರ ಸುಮ್ಮನಾಗುತ್ತಾನೆ. ಕೆಲವೇ ಗಂಟೆಗಳ ಮೇಲೆ ಅದೇ ಮನೆಯ ತೋಟದಲ್ಲಿ, ಮುಖ ಕಾಣದ ಕತ್ತಲಲ್ಲಿ, ಜೂಲಿಯೆಟ್ ಕೂಡ ಅವನನ್ನು ಗುರುತಿಸುವುದು ಧ್ವನಿಯಿಂದಲೇ. ಈ ನಾಲಿಗೆಯ ನೂರು ಮಾತನ್ನೂ ನಾನಿನ್ನೂ ಕೇಳಿಲ್ಲ, ಆದರೂ ಈ ದನಿ ಗೊತ್ತು ಎನ್ನುತ್ತಾಳೆ. ಒಂದೇ ದನಿ ಒಬ್ಬನಿಗೆ ಕತ್ತಿಯ ನೆನಪು ತಂದಿತು, ಇನ್ನೊಬ್ಬಳಿಗೆ ಭರವಸೆಯನ್ನು. ಈ ಎರಡು ಕ್ಷಣಗಳನ್ನು ನಿಮ್ಮ ಪ್ರೇಕ್ಷಕರು ಒಟ್ಟಿಗೆ ಹಿಡಿದುಕೊಂಡರೆ ಮಹಡಿಯ ಚಿಂತೆ ನಿಮಗಿರುವುದಿಲ್ಲ.

ಅವಳ ಸ್ವಗತ ನಡೆಯುತ್ತಿರುವಾಗ ರೋಮಿಯೋಗೆ ಒಂದೇ ಒಂದು ಸಾಲಿದೆ: ಇನ್ನೂ ಕೇಳಲೇ, ಈಗಲೇ ಮಾತಾಡಲೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಹುಡುಗರು ಇದನ್ನು ಸುಮ್ಮನೆ ಉರು ಹೊಡೆದು ಒಪ್ಪಿಸಿಬಿಡುತ್ತಾರೆ. ಅಲ್ಲಿ ನಿಲ್ಲಿಸಿ ಕೆಲಸ ಮಾಡಿಸಿ. ತನಗೆ ಹೇಳದ ಮಾತನ್ನು ಕೇಳುತ್ತಿದ್ದೇನೆ ಎಂಬ ಅಳುಕೂ, ಕೇಳದೆ ಇರಲಾರೆ ಎಂಬ ಆಸೆಯೂ ಆ ಒಂದು ಸಾಲಿನಲ್ಲಿ ಸೇರಿವೆ. ಕೊನೆಗೆ ಅವನು ಬಾಯಿ ಬಿಟ್ಟಾಗ ಜೂಲಿಯೆಟ್‌ಳ ಮೊದಲ ಪ್ರತಿಕ್ರಿಯೆ ನಾಚಿಕೆಯೂ ಅಲ್ಲ, ಸಂತೋಷವೂ ಅಲ್ಲ. ಕತ್ತಲ ಮರೆಯಲ್ಲಿ ನಿಂತು ನನ್ನ ಗುಟ್ಟಿಗೆ ಎಡವಿಬಿದ್ದ ನೀನು ಯಾರು ಎಂಬ ಬೆಚ್ಚಿಬಿದ್ದವಳ ಪ್ರಶ್ನೆ. ಆಮೇಲೆ ಬರುವ ಮಾತುಕತೆಯ ಸೊಗಸನ್ನು ನೋಡಿ. ಹೇಗೆ ಬಂದೆ, ಗೋಡೆ ಎತ್ತರವಿದೆ, ನೀನು ಯಾರೆಂದು ಗೊತ್ತಾದರೆ ಈ ಜಾಗವೇ ನಿನಗೆ ಸಾವು ಎನ್ನುತ್ತಾಳೆ. ಅವನು ಪ್ರೀತಿಯ ರೆಕ್ಕೆ ಕಟ್ಟಿಕೊಂಡು ಹಾರಿ ಬಂದೆ ಎನ್ನುತ್ತಾನೆ. ಕಂಡರೆ ಕೊಂದುಬಿಡುತ್ತಾರೆ ಎಂದು ಅವಳು ಎಚ್ಚರಿಸಿದರೆ, ಅವರ ಇಪ್ಪತ್ತು ಕತ್ತಿಗಳಿಗಿಂತ ನಿನ್ನ ಕಣ್ಣಲ್ಲೇ ಹೆಚ್ಚು ಅಪಾಯವಿದೆ ಎಂದು ಮತ್ತೆ ಕಾವ್ಯಕ್ಕಿಳಿಯುತ್ತಾನೆ. ಅವಳು ಸೀದಾ ಕೇಳುತ್ತಾಳೆ, ಅವನು ಸುತ್ತಿ ಬಳಸಿ ಹೇಳುತ್ತಾನೆ. ಚಂದ್ರನ ಮೇಲೆ ಆಣೆಯಿಡಲು ಹೋದಾಗಲಂತೂ ನಡುವೆಯೇ ತಡೆದು, ತಿಂಗಳು ತಿಂಗಳೂ ಬದಲಾಗುವ ಅವನ ಮೇಲೆ ಆಣೆ ಬೇಡ ಎನ್ನುತ್ತಾಳೆ.

ಈ ಹುಡುಗಿ ಎಚ್ಚರದಲ್ಲಿದ್ದಾಳೆ ಎಂಬುದನ್ನು ನಿಮ್ಮ ಪಾತ್ರಧಾರಿಗೆ ಮನದಟ್ಟು ಮಾಡಿಸುವುದು ಎಲ್ಲಕ್ಕಿಂತ ಮುಖ್ಯ. ಇದು ತೀರ ಆತುರವಾಯಿತು, ಮಿಂಚಿದೆ ಎನ್ನುವಷ್ಟರಲ್ಲಿ ಆರಿಹೋಗುವ ಮಿಂಚಿನಂತಿದೆ ಎಂದು ಹೇಳುವವಳು ಅವಳೇ. ದೃಶ್ಯದಲ್ಲಿ ಹೆಚ್ಚು ಮಾತು ಅವಳದು, ಮದುವೆಯ ಪ್ರಸ್ತಾಪವನ್ನು ಮೊದಲು ಎತ್ತುವವಳೂ ಅವಳು. ನಿನ್ನ ಉದ್ದೇಶ ಗೌರವದ್ದಾದರೆ, ಮದುವೆಯೇ ನಿನ್ನ ಇರಾದೆಯಾದರೆ, ಎಲ್ಲಿ ಯಾವ ಹೊತ್ತಿಗೆ ಎಂದು ನಾಳೆ ನಾನು ಕಳಿಸುವವರ ಕೈಲಿ ಹೇಳಿಕಳಿಸು, ಇಲ್ಲವಾದರೆ ಇಲ್ಲಿಗೇ ನಿಲ್ಲಿಸಿ ನನ್ನನ್ನು ನನ್ನ ಪಾಡಿಗೆ ಬಿಡು ಎನ್ನುತ್ತಾಳೆ. ಮುಹೂರ್ತ ಗೊತ್ತುಮಾಡಲು ಕೂತ ಮನೆಯ ಹಿರಿಯರ ಹಾಗೆ, ಎಷ್ಟು ಗಂಟೆಗೆ ಆಳು ಕಳಿಸಲಿ ಎಂದು ಕೇಳಿ, ಒಂಬತ್ತು ಎಂದು ಉತ್ತರ ಪಡೆದ ಮೇಲೆಯೇ ಅವಳಿಗೆ ಸಮಾಧಾನ.

ಈ ಆತುರ ನಾಟಕಕಾರ ಬೇಕೆಂದೇ ತಂದದ್ದು. ಅವನು ಮುಖ್ಯವಾಗಿ ಆಧರಿಸಿದ ಆರ್ಥರ್ ಬ್ರೂಕ್‌ನ 1562ರ ಕಥನಕಾವ್ಯದಲ್ಲಿ ಘಟನೆಗಳು ತಿಂಗಳುಗಟ್ಟಲೆ ಹರಡಿಕೊಂಡಿವೆ. ಹುಡುಗ ಎಷ್ಟೋ ದಿನ ಆ ಮನೆಯ ದಾರಿಯಲ್ಲಿ ಸುಳಿದಾಡುತ್ತಾನೆ, ಗುಟ್ಟಿನ ಮದುವೆಯ ಮೇಲೂ ತಿಂಗಳೆರಡು ತಿಂಗಳು ಸುಖವಾಗಿರುತ್ತಾನೆ. ಶೇಕ್ಸ್‌ಪಿಯರ್ ಇದನ್ನೆಲ್ಲ ಒಂದು ವಾರವೂ ತುಂಬದ ಅವಧಿಗೆ ಹಿಂಡಿದ. ಭಾನುವಾರ ರಾತ್ರಿ ಔತಣ, ಅದೇ ರಾತ್ರಿ ತೋಟದ ಮಾತು, ಸೋಮವಾರ ಮಧ್ಯಾಹ್ನ ಮದುವೆ, ಅದಾದ ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಕೊಲೆ. ತಿಂಗಳುಗಳಲ್ಲಿ ಬೆಳೆಯಬೇಕಿದ್ದ ನಂಟು ಒಂದೇ ದೃಶ್ಯದಲ್ಲಿ ಹುಟ್ಟಿ, ಅನುಮಾನಪಟ್ಟು, ಪರೀಕ್ಷೆಗೆ ಒಳಗಾಗಿ, ನಿಶ್ಚಯವೂ ಆಗಬೇಕು. ಆದ್ದರಿಂದ ಈ ದೃಶ್ಯವನ್ನು ತೂಗುಯ್ಯಾಲೆಯ ಲಯದಲ್ಲಿ, ಪ್ರತಿ ಸಾಲಿಗೂ ಪಿಟೀಲಿನ ಹಿಮ್ಮೇಳ ಕೊಟ್ಟು ಆಡಿಸಿದರೆ ಅದು ಕೂತಲ್ಲೇ ಕೂತುಬಿಡುತ್ತದೆ. ಸಂಗೀತವನ್ನು ಇಡಲೇಬೇಡಿ ಎಂಬುದು ನನ್ನ ಸಲಹೆ.

ಇನ್ನು ನಗೆ. ನಿಮ್ಮ ಮಕ್ಕಳು ನಗುತ್ತಿರುವುದರಲ್ಲಿ ತಪ್ಪೇನೂ ಇಲ್ಲ, ಅವರು ಸರಿಯಾದ ಜಾಗದಲ್ಲೇ ನಗುತ್ತಿರಬಹುದು. ಈ ದೃಶ್ಯಕ್ಕೆ ಮುಂಚೆ ರೋಮಿಯೋನ ಗೆಳೆಯರಾದ ಮರ್ಕ್ಯೂಶಿಯೋ ಮತ್ತು ಬೆನ್ವೋಲಿಯೋ ತೋಟದ ಗೋಡೆಯಾಚೆ ನಿಂತು ಅವನನ್ನು ಕೂಗಿ ಕೂಗಿ, ಸಾಕಷ್ಟು ಪೋಲಿ ಮಾತುಗಳಿಂದ ಗೇಲಿ ಮಾಡುತ್ತಾರೆ. ಅವನು ಅದನ್ನೆಲ್ಲ ಕೇಳುತ್ತಲೇ ಒಳಗೆ ಅಡಗಿರುತ್ತಾನೆ, ಅವರು ಹೋದ ಮೇಲೆ ಆಡುವ ಅವನ ಮೊದಲ ಸಾಲೇ ಆ ಗೇಲಿಗೆ ಉತ್ತರ. ಅಂದರೆ ಪ್ರೇಕ್ಷಕರು ಏನೆಂದು ನಗಬಹುದೋ ಅದನ್ನು ನಾಟಕಕಾರ ಮೊದಲೇ ರಂಗದ ಮೇಲೆ ನಗಿಸಿ ಮುಗಿಸಿದ್ದಾನೆ. ಬಹಳ ತಂಡಗಳು ಈ ಭಾಗವನ್ನು ಅಶ್ಲೀಲವೆಂದು ಪೂರ್ತಿ ಕಿತ್ತುಹಾಕಿ, ಆಮೇಲೆ ಪ್ರೇಕ್ಷಕರು ಪ್ರೇಮದ ದೃಶ್ಯದಲ್ಲಿ ನಕ್ಕರೆಂದು ಬೇಸರಪಡುತ್ತವೆ. ಪೋಲಿ ಮಾತುಗಳನ್ನು ತೆಗೆದು, ಗೆಳೆಯರ ಕೂಗಾಟ ಮತ್ತು ಗೇಲಿಯನ್ನು ಒಂದೆರಡು ನಿಮಿಷ ಉಳಿಸಿಕೊಳ್ಳಿ. ತಾಲೀಮಿನಲ್ಲಿ ಎಲ್ಲರಿಗಿಂತ ಜೋರಾಗಿ ನಗುವ ಹುಡುಗರನ್ನೇ ಆ ಪಾತ್ರಗಳಿಗೆ ಹಾಕಿದರೆ ನಿಮಗೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ರೋಮಿಯೋನ ಆರಂಭದ ಸೂರ್ಯ, ಚಂದ್ರ, ನಕ್ಷತ್ರಗಳ ಮಾತಿಗೂ ಜನ ಮುಗುಳ್ನಗಲಿ. ಅವನು ಹಿಂದಿನ ದಿನದವರೆಗೂ ರೋಸಲಿನ್ ಎಂಬ ಬೇರೊಬ್ಬಳಿಗಾಗಿ ಇದೇ ಧಾಟಿಯಲ್ಲಿ ನಿಟ್ಟುಸಿರು ಬಿಡುತ್ತಿದ್ದವನು, ಆ ಮಾತುಗಳಲ್ಲಿ ಪಾಠ ಒಪ್ಪಿಸುವ ಹುಡುಗನ ಅತಿರೇಕ ಇದ್ದೇ ಇದೆ. ಅವನು ಬದಲಾಗುವುದು ಅವಳ ಸರಳವಾದ ಪ್ರಶ್ನೆಗಳ ಎದುರು. ಮೊದಲಿನಿಂದಲೂ ಅವನನ್ನು ಗಂಭೀರ ಪ್ರೇಮಿಯಾಗಿಸಿದರೆ ಈ ಬದಲಾವಣೆಗೆ ಎಡೆಯೇ ಉಳಿಯುವುದಿಲ್ಲ.

ಮಕ್ಕಳ ನಾಚಿಕೆಗೆ ಬೇರೆ ಮದ್ದಿದೆ. ಮೊದಲ ಕೆಲವು ತಾಲೀಮುಗಳಲ್ಲಿ ಇಬ್ಬರನ್ನೂ ಎದುರುಬದುರು ನಿಲ್ಲಿಸಲೇಬೇಡಿ. ಒಬ್ಬಳು ಕೊಠಡಿಯ ಒಳಗೆ, ಒಬ್ಬ ಹೊರಗಿನ ಹಜಾರದಲ್ಲಿ, ನಡುವೆ ಮುಚ್ಚಿದ ಬಾಗಿಲು. ಮಾತು ಮಾತ್ರ ದಾಟಲಿ. ಮುಖ ನೋಡುವ ಮುಜುಗರ ಇಲ್ಲದಿರುವುದರಿಂದ ಅವರು ಮಾತಿನ ಅರ್ಥವನ್ನು ಹಿಡಿಯತೊಡಗುತ್ತಾರೆ, ಕೇಳಿಸಿಕೊಳ್ಳುವುದು ಅಭ್ಯಾಸವಾಗುತ್ತದೆ. ನನ್ನ ಅನುಭವದಲ್ಲಿ ಇದಕ್ಕಿಂತ ಬೇಗ ಫಲ ಕೊಡುವ ಉಪಾಯ ಇನ್ನೊಂದಿಲ್ಲ. ಆ ಬಾಗಿಲು ತೆರೆದ ದಿನ ಇಬ್ಬರ ದನಿಯೂ ತಗ್ಗಿರುತ್ತದೆ, ಕಣ್ಣುಗಳು ತಮಗೆ ಬೇಕಾದಾಗ ಮಾತ್ರ ಸೇರುತ್ತವೆ.

ಎತ್ತರದ ವಿಷಯಕ್ಕೆ ಬರುತ್ತೇನೆ. ಶಾಮಿಯಾನದವರ ಪೈಪಿನ ಅಟ್ಟಣಿಗೆ ಬೇಡ ಎಂಬ ನಿಮ್ಮ ಅಳುಕನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದು ನಿಂತಲ್ಲೇ ನಿಲ್ಲುವ ಭಾರಕ್ಕೆ ಕಟ್ಟಿದ್ದು, ಪಾತ್ರಧಾರಿ ಒಳಗೆ ಓಡಿ ಹೊರಗೆ ಬರುವಾಗ ಅದು ಅಲುಗಾಡುತ್ತದೆ. ಈ ದೃಶ್ಯದಲ್ಲಿ ಜೂಲಿಯೆಟ್ ಮತ್ತೆ ಮತ್ತೆ ಒಳಗೆ ಹೋಗಿ ಬರುತ್ತಾಳೆ. ಕತ್ತಲಲ್ಲಿ, ಉದ್ದ ಲಂಗದಲ್ಲಿ, ಏಣಿಯ ಪಕ್ಕದಲ್ಲಿ. ಎತ್ತರ ಬೇಕೇಬೇಕು ಎನಿಸಿದರೆ ಬಡಗಿಯಿಂದ ಮೂರು ನಾಲ್ಕು ಅಡಿಯ ಗಟ್ಟಿ ಮರದ ಲೆವೆಲ್, ಅಂದರೆ ಮೇಲೆ ನಿಲ್ಲುವ ಹಲಗೆಯ ಕಟ್ಟೆ, ಮಾಡಿಸಿ, ಹಿಂದಿನಿಂದ ಹತ್ತಲು ಅಗಲವಾದ ಮೆಟ್ಟಿಲು, ಮುಂದೆ ಸೊಂಟದೆತ್ತರದ ಕಟಾಂಜನ ಇರಲಿ, ಮೆಟ್ಟಿಲ ಅಂಚಿಗೆ ಬಿಳಿ ಟೇಪು ಅಂಟಿಸಿ. ಇದರಲ್ಲೂ ಒಂದು ತೊಡಕಿದೆ. ಕೆಳಗಿನವನು ಉದ್ದಕ್ಕೂ ಕತ್ತೆತ್ತಿ ಮಾತಾಡಿದರೆ ಗಂಟಲು ಬಿಗಿಯುತ್ತದೆ, ಮಾತು ಸಭೆಯ ಬದಲು ಪಕ್ಕದ ಪರದೆಗೆ ಹೋಗುತ್ತದೆ. ಲೆವೆಲ್ಲನ್ನು ಒಂದು ಮೂಲೆಯಲ್ಲಿ ಓರೆಯಾಗಿಟ್ಟು, ರೋಮಿಯೋನನ್ನು ಅದಕ್ಕಿಂತ ಮುಂದೆ, ಸಭೆಯ ಕಡೆಗೆ ಮೈಮಾಡಿ ನಿಲ್ಲಿಸಿ. ಅವಳ ಕಡೆ ಆಗಾಗ ತಿರುಗಿದರೆ ಸಾಕು.

ನಾನಾದರೆ ಲೆವೆಲ್ಲನ್ನೂ ಬಿಟ್ಟು ಸಮನೆಲದಲ್ಲೇ ಆಡಿಸುತ್ತೇನೆ. ವೇದಿಕೆಯ ಒಂದು ಬದಿಗೆ ಒಂದು ಕಿಟಕಿಯ ಚೌಕಟ್ಟು, ಇನ್ನೊಂದು ಬದಿಗೆ ರೋಮಿಯೋ, ನಡುವೆ ಯಾರೂ ಕಾಲಿಡದ ಖಾಲಿ ಜಾಗ. ಇಬ್ಬರೂ ಸಭೆಯ ಕಡೆಗೇ ನೋಡುತ್ತ ಮಾತಾಡಲಿ: ಅವನ ನೋಟ ಸ್ವಲ್ಪ ಮೇಲಕ್ಕೆ, ಅವಳ ನೋಟ ಸ್ವಲ್ಪ ಕೆಳಕ್ಕೆ. ಒಂದೆರಡು ನಿಮಿಷಗಳಲ್ಲಿ ಪ್ರೇಕ್ಷಕರು ತಾವೇ ಮಹಡಿಯನ್ನು ಕಟ್ಟಿಕೊಳ್ಳುತ್ತಾರೆ, ಏಕೆಂದರೆ ಒಂದು ಸುತ್ತು ಬಂದು ಅರಮನೆಯಿಂದ ಕಾಡಿಗೆ ಹೋದೆ ಎನ್ನುವ ಯಕ್ಷಗಾನವನ್ನು ನೋಡಿ ಬೆಳೆದ ನಿಮ್ಮ ಕಡೆಯ ಸಭೆಗೆ ಇದು ಹೊಸದೇನಲ್ಲ. ಇದರ ಅಪಾಯ ಒಂದೇ. ಇಬ್ಬರಲ್ಲಿ ಒಬ್ಬರ ನೋಟ ಒಮ್ಮೆ ತಪ್ಪಿ ಅಕ್ಕಪಕ್ಕ ನಿಂತವರಂತೆ ಮುಖ ನೋಡಿಕೊಂಡರೂ ಕಟ್ಟಿದ ಮಹಡಿ ಕುಸಿಯುತ್ತದೆ. ಹಾಗಾಗಿ ಬಿಗಿಯಾದ ತಾಲೀಮು ಬೇಕು. ವಾರದೊಳಗೆ ಪ್ರದರ್ಶನವಿದ್ದರೆ ಲೆವೆಲ್ಲೇ ಸುರಕ್ಷಿತ. ಸಭಾಂಗಣದ ಹಿಂದೆ ನಿಜವಾದ ಬಾಲ್ಕನಿ ಇದೆ, ಅಲ್ಲಿಂದ ಆಡಿಸೋಣ ಎಂದು ಯಾರಾದರೂ ಉತ್ಸಾಹ ತೋರಿಸಿದರೆ ಒಪ್ಪಬೇಡಿ. ಸಭೆಯೆಲ್ಲ ಕತ್ತು ತಿರುಗಿಸಿ ಕೂರಬೇಕಾಗುತ್ತದೆ.

ರಾತ್ರಿಯ ಬಗ್ಗೆ: ಈ ನಾಟಕ ಮೊದಲು ಆಡಿದ್ದು ಹಾಡಹಗಲಿನಲ್ಲಿ, ಮೇಲೆ ಆಕಾಶ ತೆರೆದಿದ್ದ ಲಂಡನ್ನಿನ ರಂಗಮಂದಿರದಲ್ಲಿ, ಮಧ್ಯಾಹ್ನದ ಪ್ರದರ್ಶನದಲ್ಲಿ. ಜೂಲಿಯೆಟ್ ಆಗುತ್ತಿದ್ದವನು ಒಬ್ಬ ಹುಡುಗ, ಏಕೆಂದರೆ ಆಗ ಅಲ್ಲಿನ ವೃತ್ತಿರಂಗದಲ್ಲಿ ಹೆಣ್ಣುಮಕ್ಕಳು ನಟಿಸುತ್ತಿರಲಿಲ್ಲ. ರಾತ್ರಿಯನ್ನು ತಂದದ್ದು ಮಾತು: ಹಣ್ಣಿನ ಮರಗಳ ತುದಿಗೆ ಬೆಳ್ಳಿ ಬಳಿಯುವ ಚಂದ್ರ, ಕತ್ತಲೆಯ ಮುಖವಾಡ ಇರದಿದ್ದರೆ ನನ್ನ ಕೆನ್ನೆ ಕೆಂಪಾದದ್ದು ನಿನಗೆ ಕಾಣುತ್ತಿತ್ತು ಎನ್ನುವ ಜೂಲಿಯೆಟ್. ಕೆನ್ನೆ ಕಾಣುವುದಿಲ್ಲ ಎಂದು ಅವಳು ಹೇಳುವಾಗ ಸಭೆಗೆ ಆ ಕೆನ್ನೆ ಕಾಣುತ್ತಿರಬೇಕು, ಸ್ವಾರಸ್ಯ ಇರುವುದೇ ಅಲ್ಲಿ. ಆದ್ದರಿಂದ ಮುಖಗಳ ಮೇಲೆ ಬೆಳಕು ಧಾರಾಳವಾಗಿರಲಿ, ಉಳಿದ ವೇದಿಕೆ ಮಬ್ಬಾಗಿರಲಿ. ಬಾಡಿಗೆ ಬೆಳಕಿನವರು ಕೇಳದೆಯೇ ಗಾಢ ನೀಲಿ ಹಾಕುತ್ತಾರೆ. ಅದು ನಮ್ಮ ಮೈಬಣ್ಣದ ಮುಖಗಳನ್ನು ಬೂದಿಯಾಗಿಸಿ, ಕಣ್ಣುಗಳನ್ನು ಗುಳಿಯಾಗಿಸುತ್ತದೆ. ನೀಲಿಯನ್ನು ಹಿಂಪರದೆಗೆ ಮಾತ್ರ ಬಿಟ್ಟು, ಮುಖಗಳಿಗೆ ಬಿಳುಪು ಬೆಳಕನ್ನು ಪಕ್ಕದಿಂದ ಕೊಡಿಸಿ, ಕಿಟಕಿಯೊಳಗಿಂದ ಮಾತ್ರ ದೀಪದ ಹಳದಿ ಬರಲಿ. ರಾತ್ರಿಯನ್ನು ಮುಖ್ಯವಾಗಿ ತರಬೇಕಾದದ್ದು ದನಿ. ಇಬ್ಬರೂ ಮನೆಯವರನ್ನು ಎಬ್ಬಿಸಬಾರದೆಂಬ ಎಚ್ಚರದಲ್ಲಿ ಮಾತಾಡಬೇಕು, ಆದರೆ ಪಿಸುಮಾತು ಕೊನೆಯ ಸಾಲಿಗೆ ಮುಟ್ಟುವುದಿಲ್ಲ. ದನಿ ತಗ್ಗಿಸಿ, ಅಕ್ಷರಗಳನ್ನು ಬಿಡಿಬಿಡಿಯಾಗಿ ಒತ್ತಿ ಆಡಿಸಿ. ಒಳಗಿಂದ ಕರೆಯುವ ದಾದಿಯ ಕೂಗು ಮಾತ್ರ ಮೈಕಿಲ್ಲದೆ, ನಿಜವಾಗಿಯೂ ನೇಪಥ್ಯದ ಆಳದಿಂದ, ಜೋರಾಗಿ ಬರಲಿ. ಆ ಒಂದು ಕೂಗಿಗೆ ಇಬ್ಬರೂ ಉಸಿರು ಹಿಡಿದರೆ, ಒಳಗೊಂದು ಮನೆ ತುಂಬ ಜನರಿದ್ದಾರೆ ಎಂಬುದು ಸಭೆಗೆ ತಿಳಿಯುತ್ತದೆ.

ವಯಸ್ಸಿನ ಮಾತನ್ನು ಮುಚ್ಚಿಡಬೇಡಿ, ಏಕೆಂದರೆ ಅದು ನಿಜ. ನಾಟಕದಲ್ಲಿ ಜೂಲಿಯೆಟ್‌ಗೆ ಹದಿನಾಲ್ಕು ತುಂಬಲು ಎರಡು ವಾರಕ್ಕೆ ತುಸು ಹೆಚ್ಚು ದಿನ ಬಾಕಿಯಿದೆ. ಬ್ರೂಕ್‌ನ ಕಾವ್ಯದಲ್ಲಿ ಅವಳಿಗೆ ಹದಿನಾರು. ಶೇಕ್ಸ್‌ಪಿಯರ್ ಬೇಕೆಂದೇ ವಯಸ್ಸನ್ನು ಇಳಿಸಿದ. ಆ ಕಾಲದಲ್ಲಿ ಎಲ್ಲರೂ ಆ ವಯಸ್ಸಿಗೆ ಮದುವೆಯಾಗುತ್ತಿದ್ದರು ಎಂಬ ಸಮಜಾಯಿಷಿಯನ್ನು ಕೊಡಲು ಹೋಗಬೇಡಿ, ಅದು ತಪ್ಪು. ಕಾನೂನು ಹನ್ನೆರಡಕ್ಕೇ ಹೆಣ್ಣಿನ ಮದುವೆಗೆ ಅವಕಾಶ ಕೊಡುತ್ತಿದ್ದರೂ ಆಗಿನ ಇಂಗ್ಲೆಂಡಿನ ಸಾಮಾನ್ಯ ಹೆಣ್ಣುಮಕ್ಕಳು ಮದುವೆಯಾಗುತ್ತಿದ್ದದ್ದು ಇಪ್ಪತ್ತೈದರ ಆಸುಪಾಸಿನಲ್ಲಿ, ಹಾಗಾಗಿ ಅಂದಿನ ಪ್ರೇಕ್ಷಕರಿಗೂ ಇವಳು ತೀರ ಎಳೆಯಳೆನಿಸಿರಬೇಕು. 14 ತುಂಬದವಳಿಗೆ ಗಂಡು ನೋಡುತ್ತಿರುವವರು ಅವಳ ಹೆತ್ತವರೇ. ಇನ್ನೆರಡು ಬೇಸಿಗೆ ಕಳೆಯಲಿ ಎಂದಿದ್ದ ತಂದೆ ಕೆಲವೇ ದಿನಗಳಲ್ಲಿ ಮನಸ್ಸು ಬದಲಿಸಿ, ಒಪ್ಪದಿದ್ದರೆ ಬೀದಿಗೆ ಹಾಕುತ್ತೇನೆ ಎನ್ನುತ್ತಾನೆ. ಮಕ್ಕಳ ಗುಟ್ಟಿನ ಮದುವೆಯನ್ನು ಮಾಡಿಸುವವರೂ ದೊಡ್ಡವರೇ, ಒಬ್ಬ ಪಾದ್ರಿ ಮತ್ತು ಒಬ್ಬ ದಾದಿ. ನಾಟಕ ಕದ್ದು ಭೇಟಿಯಾಗುವುದನ್ನು ಕಲಿಸುತ್ತದೆ ಎನ್ನುವವರಿಗೆ ಇಷ್ಟನ್ನು ಹೇಳಿ, ಇದರಾಚೆ ಅದನ್ನೊಂದು ನೀತಿಪಾಠವಾಗಿ ಮಾರಲು ಹೋಗಬೇಡಿ. ಬೇಕಾದರೆ ಇನ್ನೊಂದು ಮಾತು ಸೇರಿಸಬಹುದು: ಈ ಕಥೆ ‘ರಾಮವರ್ಮ–ಲೀಲಾವತಿ’ ಎಂಬ ಹೆಸರಿನಲ್ಲಿ, ಮಂಗಳಾಂತ್ಯದೊಡನೆ, ಹತ್ತೊಂಬತ್ತನೆಯ ಶತಮಾನದಲ್ಲೇ ಕನ್ನಡಕ್ಕೆ ಬಂದಿದೆ. ನಮ್ಮ ಹಿರಿಯರು ಇದನ್ನು ಕಂಡು ಗಾಬರಿಯಾಗಿ ಬಾಗಿಲು ಹಾಕಿಕೊಂಡಿರಲಿಲ್ಲ.

ಹುಡುಗಿಯ ಮನೆಯವರಿಗೆ ವಾದಕ್ಕಿಂತ ಪಠ್ಯವೇ ಹೆಚ್ಚು ಸಮಾಧಾನ ಕೊಡುತ್ತದೆ. ನೀವು ಆಡಿಸಲಿರುವ ದೃಶ್ಯದ ಕನ್ನಡ ಪ್ರತಿಯನ್ನು ಅವರ ಕೈಗೆ ಕೊಟ್ಟು ಓದಿಸಿ, ಒಂದು ತಾಲೀಮಿಗೆ ಕರೆಯಿರಿ. ಇಬ್ಬರೂ ಮುಟ್ಟಿಕೊಳ್ಳುವುದಿಲ್ಲ ಎಂಬುದನ್ನು ಅವರು ಕಣ್ಣಾರೆ ನೋಡಲಿ. ಹದಿನೆಂಟು ತುಂಬದ ವಿದ್ಯಾರ್ಥಿನಿಯಾದರೆ ಮನೆಯವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಎಲ್ಲ ತಾಲೀಮಿನಲ್ಲೂ ಒಬ್ಬ ಅಧ್ಯಾಪಕಿ ಇರಲಿ. ಮುಖ್ಯವಾಗಿ, ಮೊಬೈಲಿನಲ್ಲಿ ತುಣುಕು ಚಿತ್ರೀಕರಿಸಿ ಹಂಚುವುದನ್ನು ಮೊದಲೇ ನಿಷೇಧಿಸಿ. ಇಂದು ನಟಿಸುವ ಹುಡುಗಿಗೆ ತೊಂದರೆ ಬರುವುದು ರಂಗದಿಂದಲ್ಲ, ಸಂದರ್ಭ ಕಿತ್ತು ಹಂಚಿದ ಅರ್ಧ ನಿಮಿಷದ ವಿಡಿಯೊದಿಂದ. ಇಷ್ಟಾದ ಮೇಲೂ ಮನೆಯವರಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ, ಬೇರೆಯವರನ್ನು ಹುಡುಕಿ. ಹುಡುಗನೊಬ್ಬನಿಂದ ಜೂಲಿಯೆಟ್ ಮಾಡಿಸಬಹುದೇ ಎಂದು ಕೇಳುವಿರಾದರೆ, ಮೂಲದ ಪದ್ಧತಿಗೆ ಅದು ಹತ್ತಿರವೇ, ಆದರೆ ನಗೆಯ ಜೊತೆ ಈಗಾಗಲೇ ಸೆಣಸುತ್ತಿರುವ ತಂಡಕ್ಕೆ ನಾನು ಸೂಚಿಸಲಾರೆ.

ಕೈಬಿಡಬೇಡಿ, ಕತ್ತರಿಸಿ. ಮೂಲದಲ್ಲಿ ಈ ದೃಶ್ಯಕ್ಕೆ ನೂರ ತೊಂಬತ್ತರಷ್ಟು ಸಾಲುಗಳಿವೆ, ಪೂರ್ತಿ ಆಡಿದರೆ ಕಾಲೇಜು ಸಭೆಗೆ ಉದ್ದವಾಗುತ್ತದೆ. ರೋಮಿಯೋನ ಆರಂಭದ ಸ್ತುತಿಯಲ್ಲಿ ಅರ್ಧ ಹೋದರೂ ನಷ್ಟವಿಲ್ಲ; ಬೇಟೆಯ ಹಕ್ಕಿಯ ಉಪಮೆಗಳು ನಮ್ಮ ಸಭೆಗೆ ದೂರದವು, ಅವೂ ಹೋಗಲಿ. ಅಪಾಯದ ಎಚ್ಚರಿಕೆ, ಚಂದ್ರನ ಆಣೆಗೆ ತಡೆ, ಆತುರವಾಯಿತೆಂಬ ಅಳುಕು, ದಾದಿಯ ಕೂಗು, ಒಂಬತ್ತು ಗಂಟೆಯ ಮಾತು, ಇವನ್ನು ಮುಟ್ಟಬೇಡಿ. ಮೊದಲ ಬಾರಿ ಶುಭರಾತ್ರಿ ಹೇಳಿದಲ್ಲಿಗೆ ತೆರೆ ಎಳೆಯುವ ಚಾಳಿಯೂ ಇದೆ, ಹಾಗೆ ಮಾಡಿದರೆ ದೃಶ್ಯದ ಅತ್ಯಂತ ಎಳೆಯ, ಅತ್ಯಂತ ನಿಜವಾದ ಕ್ಷಣವೇ ಕೈತಪ್ಪುತ್ತದೆ. ಹೊರಟವನನ್ನು ಅವಳು ಮತ್ತೆ ಕರೆಯುತ್ತಾಳೆ, ಅವನು ಬಂದು ನಿಂತಾಗ ಏಕೆ ಕರೆದೆನೆಂಬುದೇ ಮರೆತುಹೋಗಿದೆ. ನೆನಪಾಗುವ ತನಕ ನಿಂತಿರುತ್ತೇನೆ ಎನ್ನುತ್ತಾನೆ ಅವನು. ನೀನು ನಿಂತಿರಲೆಂದೇ ನಾನು ಮರೆಯುತ್ತಲೇ ಇರುತ್ತೇನೆ ಎನ್ನುತ್ತಾಳೆ ಅವಳು. ಅಷ್ಟು ಹೊತ್ತು ಗಂಟೆ, ಆಳು, ಮದುವೆ ಎಂದು ಲೆಕ್ಕ ಹಾಕುತ್ತಿದ್ದವಳು ಇಲ್ಲಿ ಮೊದಲ ಸಲ ಬರಿಯ ಹುಡುಗಿಯಾಗುತ್ತಾಳೆ. ಇದಕ್ಕೆ ಅವಸರ ಮಾಡಿಸಬೇಡಿ, ಅವಳು ಮರೆತದ್ದನ್ನು ನಿಜವಾಗಿ ಹುಡುಕಲಿ.

ನಿಮಗೆ ಇನ್ನೂ ನಾಲ್ಕೈದು ನಿಮಿಷದ ಅವಕಾಶ ಸಿಕ್ಕರೆ, ಔತಣದ ದೃಶ್ಯದಿಂದ ಟಿಬಾಲ್ಟ್ ದನಿ ಗುರುತಿಸಿ ಕತ್ತಿ ಕೇಳುವ ಭಾಗವನ್ನು ಮೊದಲಿಗೆ ಇಡಿ, ಅದರ ಬೆನ್ನಿಗೇ ಗೆಳೆಯರ ಕೂಗಾಟ, ಆಮೇಲೆ ತೋಟ. ಟಿಬಾಲ್ಟ್ ಪಾತ್ರಕ್ಕೆ ಮಾತು ಕಡಿಮೆ, ದನಿ ಗಡಸಾಗಿರುವ ಹುಡುಗನೊಬ್ಬ ಸಿಕ್ಕರೆ ಸಾಕು.